ಹತ್ತೊಂಬತ್ತನೆಯ ಪಿಜ್ಜಾ: ಬಳ್ಳಾರಿಯ ಒಂದು ಅಂಗಡಿಯ ಲೆಕ್ಕಪುಸ್ತಕದಿಂದ

ಬಳ್ಳಾರಿಯ ಗಾಂಧಿನಗರದ ಕಡೆ ಗಂಡ ಹೆಂಡತಿ ಸೇರಿ ನಡೆಸುವ ಆರು ಮೇಜಿನ ಪಿಜ್ಜಾ ಅಂಗಡಿಯೊಂದಿದೆ. 2023ರ ಜನವರಿಯಲ್ಲಿ ಅದು ತೆರೆದಾಗಿನಿಂದ ಅದರ ಲೆಕ್ಕಪತ್ರವನ್ನೂ ತೆರಿಗೆ ಸಲ್ಲಿಕೆಯನ್ನೂ ನಾನು ನೋಡಿಕೊಳ್ಳುತ್ತಿದ್ದೇನೆ. ಮೂರು ವರ್ಷಗಳಲ್ಲಿ ಈ ಅಂಗಡಿ ತನ್ನ ಒಲೆಯನ್ನು, ಪಿಜ್ಜಾದ ಆಕಾರವನ್ನು, ಮಾರುವ ಅಳತೆಯನ್ನು ಬದಲಿಸಿಕೊಂಡಿತು. ರುಚಿಯ ಪ್ರಯೋಗ ಮಾಡಲೆಂದು ಬದಲಿಸಿದ್ದಲ್ಲ. ಹೊರಗೆ ತಿನ್ನುವುದು ದುಬಾರಿಯಾಗುತ್ತ ಹೋದಂತೆ ಗಿರಾಕಿಯೂ ಅಂಗಡಿಯೂ ಒಬ್ಬರನ್ನೊಬ್ಬರು ತಳ್ಳುತ್ತ ಬಂದು ನಿಂತ ಜಾಗ ಅದು. ದಂಪತಿಯ ಒಪ್ಪಿಗೆ ಪಡೆದು, ಅವರ ಮತ್ತು ಅಂಗಡಿಯ ಹೆಸರು ಬಿಟ್ಟು, ಪುಸ್ತಕದಲ್ಲಿರುವ ಅಂಕಿಗಳನ್ನು ಸುಮಾರಾಗಿ ಸರಿಹೊಂದಿಸಿ ಈ ಪ್ರಕರಣವನ್ನು ಬರೆದಿದ್ದೇನೆ.

ಇಬ್ಬರಲ್ಲಿ ಗಂಡ ಮೊದಲು ಹೈದರಾಬಾದಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಏಳು ವರ್ಷ ಕೆಲಸ ಮಾಡಿದವರು. ಅಲ್ಲಿ ಕಲಿತದ್ದು ನೇಪಲ್ಸ್ ಶೈಲಿಯ ಪಿಜ್ಜಾ. ಊರಿಗೆ ಮರಳಿ ಅದನ್ನೇ ಮಾಡಬೇಕೆಂಬ ಹಟ ಅವರದಾಗಿತ್ತು. ಇಟ್ಟಿಗೆಯ ಗುಮ್ಮಟದ ಒಲೆಯನ್ನು ಸ್ಥಳೀಯ ಗೌಂಡಿಯೊಬ್ಬರಿಂದ ಕಟ್ಟಿಸಿದರು. ಉರುವಲಿಗೆ ಹುಡುಕಬೇಕಾಗಲಿಲ್ಲ, ಏಕೆಂದರೆ ಜಿಲ್ಲೆಯ ಹೆಸರನ್ನೇ ಹೊತ್ತು ಹೊಲದ ಬದುವಿನಲ್ಲೂ ಹಳ್ಳದ ದಂಡೆಯಲ್ಲೂ ಬೆಳೆದು ನಿಂತಿರುವ ಬಳ್ಳಾರಿ ಜಾಲಿ ಇಲ್ಲಿ ಎಲ್ಲೆಂದರಲ್ಲಿ ಸಿಗುತ್ತದೆ. ಅದರ ಕಟ್ಟಿಗೆ ಗಟ್ಟಿ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಅಮೆರಿಕದ ಟೆಕ್ಸಾಸಿನಲ್ಲಿ ಮಾಂಸ ಸುಡಲು ಆರಿಸಿಕೊಳ್ಳುವ ಮೆಸ್ಕೀಟ್ ಮರ ಇದರ ಹತ್ತಿರದ ಸಂಬಂಧಿ. ನಮ್ಮಲ್ಲಿ ಮಾತ್ರ ಅದನ್ನು ಕಡಿಯುವವರೂ ಬೈದುಕೊಂಡೇ ಕಡಿಯುತ್ತಾರೆ.

ನೇಪಲ್ಸಿನ ಒಲೆ, ಬಳ್ಳಾರಿಯ ಸಂಜೆ

ನೇಪಲ್ಸಿನ ಪಿಜ್ಜಾಕ್ಕೆ ಬರೆದಿಟ್ಟ ನಿಯಮಗಳಿವೆ. 1984ರಲ್ಲಿ ಅಲ್ಲಿನ ಕಸುಬಿನವರು ಕಟ್ಟಿಕೊಂಡ ಸಂಘವು ಹಿಟ್ಟು, ನೀರು, ಉಪ್ಪು, ಯೀಸ್ಟ್ ಬಿಟ್ಟು ಕಣಕಕ್ಕೆ ಬೇರೇನನ್ನೂ ಸೇರಿಸಬಾರದೆಂದು ಗೊತ್ತುಮಾಡಿತು. ಮಧ್ಯಭಾಗ ಕಾಲು ಸೆಂಟಿಮೀಟರಿನಷ್ಟು ತೆಳ್ಳಗಿರಬೇಕು, ಅಂಚು ಉಬ್ಬಿರಬೇಕು, ಕಟ್ಟಿಗೆಯ ಒಲೆಯಲ್ಲಿ ಸುಮಾರು 430ರಿಂದ 480 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ 60ರಿಂದ 90 ಸೆಕೆಂಡಿನೊಳಗೆ ಬೇಯಬೇಕು. ಅಲ್ಲಿನ ಪಿಜ್ಜಾಗಾರರ ಕೈಕಸುಬನ್ನು 2017ರಲ್ಲಿ ಯುನೆಸ್ಕೊ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇವೆಲ್ಲವನ್ನೂ ಅಂಗಡಿಯ ಗೋಡೆಯ ಮೇಲೆ ಚೌಕಟ್ಟು ಹಾಕಿಸಿ ಕನ್ನಡದಲ್ಲಿ ಬರೆಸಿದ್ದರು.

ತೊಂಬತ್ತು ಸೆಕೆಂಡಿನಲ್ಲಿ ಬೇಯುವ ತಿಂಡಿ ಬೀದಿಯಲ್ಲಿ ಸಾಲುಗಟ್ಟಿ ನಿಂತ ಜನರಿಗಾಗಿ ಹುಟ್ಟಿದ್ದೆಂಬುದನ್ನು ಮಾತ್ರ ಆ ಚೌಕಟ್ಟು ಹೇಳುವುದಿಲ್ಲ. ಒಲೆ ಒಮ್ಮೆ ಕಾಯಿತೆಂದರೆ ಗಂಟೆಗೆ ನಲವತ್ತು ಪಿಜ್ಜಾ ತೆಗೆಯಬಹುದು. ಆದರೆ ನಾಲ್ಕೇ ತೆಗೆದರೂ ಅಷ್ಟೇ ಕಟ್ಟಿಗೆ ಉರಿಯುತ್ತದೆ. ಬಳ್ಳಾರಿಯಲ್ಲಿ, ಅದರಲ್ಲೂ ಬಿಸಿಲು 42 ಡಿಗ್ರಿ ಮುಟ್ಟುವ ಏಪ್ರಿಲ್ ಮೇ ತಿಂಗಳಲ್ಲಿ, ಜನ ತಿನ್ನಲು ಹೊರಬೀಳುವುದು ಸಂಜೆ ಏಳೂವರೆಯ ಮೇಲೆ. ಒಲೆಗೆ ಐದಕ್ಕೇ ಬೆಂಕಿ ಹಾಕಬೇಕು. ಹತ್ತಕ್ಕೆ ರಸ್ತೆ ಖಾಲಿ. ಐದು ಗಂಟೆ ಉರಿಯುವ ಒಲೆಗೆ ನಿಜವಾದ ಕೆಲಸ ಸಿಗುತ್ತಿದ್ದದ್ದು ಎರಡೂವರೆ ಗಂಟೆ ಮಾತ್ರ.

2024ರ ಡಿಸೆಂಬರಿನಲ್ಲಿ ಅವರು ಅಂಗಡಿ ಮುಚ್ಚುವ ಮಾತೆತ್ತಿದಾಗ ಕುಳಿತು ಹಾಕಿದ ಲೆಕ್ಕ ಹೀಗಿದೆ. ಹನ್ನೊಂದು ಇಂಚಿನ ಒಂದು ಪಿಜ್ಜಾಕ್ಕೆ 250 ಗ್ರಾಂ ಕಣಕ, ಅದರ ಖರ್ಚು 10 ರೂಪಾಯಿ. ಟೊಮೆಟೊ ಸಾಸಿಗೆ 12. ಎಣ್ಣೆ, ತುಳಸಿ ಜಾತಿಯ ಬೇಸಿಲ್ ಎಲೆ ಇತ್ಯಾದಿಗೆ 6. ಚೀಸ್ 90 ಗ್ರಾಂ. ಕಿಲೋಗೆ 480 ರೂಪಾಯಿಯ ಮೊಝರೆಲ್ಲಾದ ಮೇಲೆ ಆಗ ಶೇ 12 ಜಿಎಸ್‌ಟಿ ಇತ್ತು. ಗಿರಾಕಿಯಿಂದ ಶೇ 5ರಂತೆ ತೆರಿಗೆ ಪಡೆಯುವ ಹೋಟೆಲಿಗೆ ತಾನು ಕೊಟ್ಟ ತೆರಿಗೆಯ ಇನ್‌ಪುಟ್ ಕ್ರೆಡಿಟ್, ಅಂದರೆ ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳುವ ಅವಕಾಶ, 2017ರ ನವೆಂಬರಿನಿಂದ ಸಿಗುವುದಿಲ್ಲವಾದ್ದರಿಂದ ಆ ಶೇ 12 ಕೂಡ ಖರ್ಚಿಗೇ ಸೇರುತ್ತದೆ. ಹಾಗಾಗಿ ಚೀಸಿನ ಬಾಬ್ತು 48 ರೂಪಾಯಿ. ಒಟ್ಟು ಸಾಮಗ್ರಿ 76 ರೂಪಾಯಿ. ಪಟ್ಟಿಯಲ್ಲಿ ಪಿಜ್ಜಾದ ಬೆಲೆ 240, ತೆರಿಗೆ ಬೇರೆ.

ಇಷ್ಟನ್ನೇ ನೋಡಿದ ಗಿರಾಕಿ 76ರ ವಸ್ತುವನ್ನು 240ಕ್ಕೆ ಮಾರುತ್ತಾರೆಂದು ಹೇಳಿದರೆ ಅದು ತಪ್ಪಲ್ಲ, ಆದರೆ ಅರ್ಧ ಲೆಕ್ಕ. ತಿಂಗಳಿಗೆ 26 ದಿನ ತೆರೆದಿರುವ ಅಂಗಡಿಯಲ್ಲಿ ಪಿಜ್ಜಾ ಮಾಸ್ಟರಿಗೆ 22,000, ಸಹಾಯಕನಿಗೆ 11,000, ಅಂದರೆ ದಿನಕ್ಕೆ 1,269 ರೂಪಾಯಿ ಕೂಲಿ. ಬಾಡಿಗೆ 22,000. 2024ರ ಅಕ್ಟೋಬರ್ 10ರಿಂದ, ಕಟ್ಟಡದ ಮಾಲೀಕರು ಜಿಎಸ್‌ಟಿಯಲ್ಲಿ ನೋಂದಣಿ ಆಗಿರದಿದ್ದರೂ ನೋಂದಾಯಿತ ಬಾಡಿಗೆದಾರನೇ ಅಂಗಡಿ ಬಾಡಿಗೆಯ ಮೇಲೆ ಶೇ 18ನ್ನು ರಿವರ್ಸ್ ಚಾರ್ಜ್ ಎಂದು ಕಟ್ಟಬೇಕಾಯಿತು. ಆ 3,960 ಸೇರಿ ದಿನದ ಬಾಡಿಗೆ 998. ಕರೆಂಟು, ನೀರು, ಸಾಲದ ಕಂತು ಎಲ್ಲ ಸೇರಿ 500. ಕಟ್ಟಿಗೆ 350. ಒಟ್ಟು 3,117 ರೂಪಾಯಿ. ಒಂದು ಪಿಜ್ಜಾ ಮಾರಿದರೂ ಐವತ್ತು ಮಾರಿದರೂ ಇದು ಇದ್ದದ್ದೇ.

ಒಂದು ಪಿಜ್ಜಾದಿಂದ ಸಾಮಗ್ರಿ ಕಳೆದು ಉಳಿಯುವುದು 164. 3,117ನ್ನು 164ರಿಂದ ಭಾಗಿಸಿದರೆ ಹತ್ತೊಂಬತ್ತು. ಹತ್ತೊಂಬತ್ತನೆಯ ಪಿಜ್ಜಾದವರೆಗೆ ಅವರು ದುಡಿಯುವುದು ಮಾಲೀಕರಿಗೆ, ಮಾಸ್ಟರಿಗೆ, ಬ್ಯಾಂಕಿಗೆ, ಇಪ್ಪತ್ತನೆಯದು ಅವರದು. ಶನಿವಾರ ಭಾನುವಾರ ನಲವತ್ತರವರೆಗೂ ಹೋಗುತ್ತಿತ್ತು. ಮಂಗಳವಾರದಿಂದ ಗುರುವಾರದವರೆಗೆ ಹದಿನಾಲ್ಕು. ಆ ದಿನಗಳಲ್ಲಿ ಪ್ರತಿಯೊಂದು ಪಿಜ್ಜಾಕ್ಕೆ ಬೀಳುತ್ತಿದ್ದ ನಿಜವಾದ ಖರ್ಚು 299 ರೂಪಾಯಿ, ಮಾರಿದ್ದು 240ಕ್ಕೆ. ಹೆಂಡತಿ ಈ ಹಾಳೆಯನ್ನು ಎರಡು ಸಲ ಓದಿ, "ಹಂಗಾರ ಮಂಗ್ಳಾರ ಬಂದೋರಿಗೆ ನಾವ ರೊಕ್ಕ ಕೊಟ್ಟು ತಿನ್ನಿಸಿ ಕಳಿಸೇವಿ" ಎಂದರು. ಲೆಕ್ಕಪರಿಶೋಧನೆಯ ಭಾಷೆಯಲ್ಲಿ ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಮನೆಗೆ ತಲುಪಿಸುವ ಆ್ಯಪಿನ ಬಾಬ್ತು ಇನ್ನೊಂದು. ಈ ಅಂಗಡಿಯ ಒಪ್ಪಂದದಲ್ಲಿ ಆ್ಯಪಿನ ಕಮಿಷನ್ ಶೇ 22, ಅದರ ಮೇಲೆ ಶೇ 18 ಜಿಎಸ್‌ಟಿ. 240ರ ಪಿಜ್ಜಾದಲ್ಲಿ 62 ರೂಪಾಯಿ ಅಲ್ಲಿಗೇ ಹೋಗಿ, ಡಬ್ಬಿಗೆ 14 ಹೋಗುತ್ತದೆ. ಆದ್ದರಿಂದ ಆ್ಯಪಿನಲ್ಲಿ ಬೆಲೆಯನ್ನು 299 ಮಾಡಿದರು. ಅಂಗಡಿಗೆ ಬಂದು ತಿಂದವರಿಗೆ ಒಂದು ಬೆಲೆ, ಮನೆಯಲ್ಲಿ ಕುಳಿತವರಿಗೆ ಇನ್ನೊಂದು ಬೆಲೆಯೆಂದು ಜಗಳ ತೆಗೆದವರೂ ಇದ್ದರು. ಆದರೂ ಬಾಡಿಗೆ ಕೂಲಿ ಹೇಗೂ ಕೊಟ್ಟಾಗಿರುವಾಗ ಆ್ಯಪಿನ ಒಂದೊಂದು ಆರ್ಡರಿನಿಂದ 131 ರೂಪಾಯಿ ಆ ಹೊರೆಗೆ ಸೇರುತ್ತಿತ್ತಾದ್ದರಿಂದ ಅದನ್ನು ಬಿಡುವುದು ಅಷ್ಟು ಸುಲಭವಿರಲಿಲ್ಲ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಕಣಕ ಮತ್ತು ಕರೆಂಟು

ದುಡ್ಡಿನ ಪುಸ್ತಕದಲ್ಲಿ ಕಾಣದ ನಷ್ಟವೊಂದಿತ್ತು, ಅದನ್ನು ನಾನು 2024ರ ಏಪ್ರಿಲಿನ ಒಂದು ಮಧ್ಯಾಹ್ನ ಕಣ್ಣಾರೆ ಕಂಡೆ. ನೇಪಲ್ಸಿನ ಕಣಕ ನಿಧಾನವಾಗಿ, ಎಂಟು ಗಂಟೆಯಿಂದ ಒಂದು ದಿನದವರೆಗೂ ಹುದುಗಬೇಕು. ನಮ್ಮ ಮಾರುಕಟ್ಟೆಯ ಮೈದಾ ಹೋಳಿಗೆಗೂ ಖಾಜಾಕ್ಕೂ ಹೇಳಿ ಮಾಡಿಸಿದ್ದು; ಅದರ ಜಿಗುಟು ಅಷ್ಟು ಹೊತ್ತಿನ ಹುದುಗನ್ನು ತಾಳುವುದಿಲ್ಲ. ಅವರು ಮಂಜುಗಡ್ಡೆ ಹಾಕಿದ ನೀರಿನಲ್ಲಿ ಕಲಸಿ, ಯೀಸ್ಟನ್ನು ಚಿಟಿಕೆಯಷ್ಟಕ್ಕೆ ಇಳಿಸಿ, ಉಂಡೆಗಳನ್ನು ಫ್ರಿಜ್ಜಿನಲ್ಲಿ ಇಡುತ್ತಿದ್ದರು. ಆ ದಿನ ಬೆಳಿಗ್ಗೆ ಹನ್ನೊಂದರಿಂದ ಮೂರರವರೆಗೆ ಕರೆಂಟು ಹೋಗಿತ್ತು. ನಾಲ್ಕಕ್ಕೆ ಅವರು ಟ್ರೇ ಹೊರತೆಗೆದಾಗ ಮೂವತ್ತು ಉಂಡೆಗಳು ಒಂದಕ್ಕೊಂದು ಕೂಡಿಕೊಂಡು ಒಂದೇ ಹಾಸಾಗಿದ್ದವು. ಬೆರಳು ಒತ್ತಿದರೆ ಗುಳಿ ಮೇಲೇಳಲಿಲ್ಲ, ಮೂಗಿಗೆ ಹುಳಿ ವಾಸನೆ ಬಂತು. ಅವರು ಏನೂ ಮಾತಾಡದೆ ಅದನ್ನು ಬಕೆಟಿಗೆ ಸುರಿದು, ಮತ್ತೆ ಹಿಟ್ಟು ತೂಗಲು ಕುಳಿತರು. ಮೂವತ್ತು ಉಂಡೆಗೆ 300 ರೂಪಾಯಿ ದೊಡ್ಡದಲ್ಲ. ಆ ಸಂಜೆ ಎಂಟೂವರೆಯವರೆಗೆ ಪಿಜ್ಜಾ ಇಲ್ಲವೆಂದು ತಿರುಗಿಸಿ ಕಳಿಸಿದ ಗಿರಾಕಿಗಳೇ ದೊಡ್ಡ ನಷ್ಟ.

ಟೊಮೆಟೊದ ವಿಷಯವನ್ನು ಬೇಗ ಮುಗಿಸಬಹುದು. 2023ರ ಜುಲೈಯಲ್ಲಿ ಕಿಲೋ ನೂರರ ಮೇಲೆ ಹೋದಾಗ ಅವರು ಡಬ್ಬಿಯ ಪ್ಯೂರಿಗೆ ತಿರುಗಿದರು. ನಂತರ ರೈತರು ಬೆಲೆ ಸಿಗದೆ ರಸ್ತೆಗೆ ಸುರಿದ ದಿನಗಳಲ್ಲೂ ಡಬ್ಬಿಯನ್ನು ಬಿಡಲಿಲ್ಲ, ಏಕೆಂದರೆ ಅದರ ಬೆಲೆ ಮುಂಚೆಯೇ ಗೊತ್ತಿರುತ್ತದೆ.

ತಟ್ಟೆಯಿಂದ ತುಂಡಿಗೆ

2025ರ ಜನವರಿಯಲ್ಲಿ ಮಾಸ್ಟರು ಹೆಚ್ಚಿನ ಸಂಬಳಕ್ಕೆ ಬೆಂಗಳೂರಿಗೆ ಹೋದರು. ಆ ತಿಂಗಳೇ ಈ ಪ್ರಕರಣದ ತಿರುವು. ಹೊಸ ಮಾಸ್ಟರನ್ನು ಹುಡುಕುವ ಬದಲು, ಅಷ್ಟು ಕೈಚಳಕ ಬೇಡದ ಬೇರೆ ಶೈಲಿ ಯಾವುದಿದೆಯೆಂದು ಅವರು ಹುಡುಕಿದರು.

ಪಿಜ್ಜಾದ ಪ್ರಾದೇಶಿಕ ಶೈಲಿಗಳನ್ನು ನಾವು ರುಚಿಯ ಭೇದವೆಂದು ಓದುತ್ತೇವೆ. ಲೆಕ್ಕ ಬರೆಯುವವನ ಕಣ್ಣಿಗೆ ಅವು ಆಯಾ ಊರಿನ ಉರುವಲು, ಕೂಲಿ, ಪಾತ್ರೆ, ಜನಸಂದಣಿಗಳ ಲೆಕ್ಕವೇ. ನ್ಯೂಯಾರ್ಕಿನಲ್ಲಿ ಪಿಜ್ಜಾ ಶುರುವಾದದ್ದು ಕಲ್ಲಿದ್ದಲಿನ ಒಲೆಗಳಲ್ಲಿ. ಚಪ್ಪಟೆ ಹಾಸಿನ ಮೇಲೆ ಬೇಯಿಸುವ ಗ್ಯಾಸಿನ ಡೆಕ್ ಒಲೆ ಬಂದ ಮೇಲೆ ಹದಿನೆಂಟು ಇಂಚಿನ ದೊಡ್ಡ ಪಿಜ್ಜಾವನ್ನು ಮೊದಲೇ ಬೇಯಿಸಿಟ್ಟು, ಕೇಳಿದವರಿಗೆ ಒಂದೊಂದು ತುಂಡನ್ನು ಬಿಸಿ ಮಾಡಿ ಕೊಡುವ ರೂಢಿ ಬೆಳೆಯಿತು. ಅಲ್ಲಿ ಒಂದು ತುಂಡಿನ ಬೆಲೆಯೂ ಮೆಟ್ರೊ ಟಿಕೆಟ್ಟಿನ ಬೆಲೆಯೂ ಜೊತೆಜೊತೆಗೇ ಏರುತ್ತವೆಂಬ ಮಾತು 1980ರಿಂದ ಚಾಲ್ತಿಯಲ್ಲಿದೆ. ಡೆಟ್ರಾಯ್ಟಿನದು ಇನ್ನೂ ಸ್ವಾರಸ್ಯಕರ: 1946ರಲ್ಲಿ ಅಲ್ಲಿ ಮೋಟಾರು ಕಾರ್ಖಾನೆಗಳಲ್ಲಿ ಬಿಡಿಭಾಗ ಇಡಲು ಬಳಸುತ್ತಿದ್ದ ಆಯತಾಕಾರದ ಉಕ್ಕಿನ ತಟ್ಟೆಗಳಲ್ಲೇ ಪಿಜ್ಜಾ ಬೇಯಿಸತೊಡಗಿದರು, ದಪ್ಪ ಕಣಕ, ಅಂಚಿನವರೆಗೂ ಚೀಸ್, ಅದು ತಟ್ಟೆಗೆ ತಾಗಿ ಕರಿದು ಗರಿಗರಿಯಾಗುವುದೇ ಅದರ ಗುರುತಾಯಿತು. ರೋಮಿನಲ್ಲಿ ಉದ್ದನೆಯ ತಟ್ಟೆಯ ಪಿಜ್ಜಾವನ್ನು ಕತ್ತರಿಯಿಂದ ಕತ್ತರಿಸಿ ತೂಕಕ್ಕೆ ಮಾರುತ್ತಾರೆ. ಇನ್ನು ನೇಪಲ್ಸಿನಲ್ಲೇ, ಎರಡನೆಯ ಮಹಾಯುದ್ಧದ ನಂತರದ ಬಡತನದಲ್ಲಿ, ಒಲೆಯೂ ಬೇಡದ ಎಣ್ಣೆಯಲ್ಲಿ ಕರಿದ ಪಿಜ್ಜಾವನ್ನು ಹೆಂಗಸರು ಮನೆ ಬಾಗಿಲಲ್ಲಿ ಮಾರುತ್ತಿದ್ದರು. ಇಂದು ತಿಂದು ಎಂಟು ದಿನದ ಮೇಲೆ ದುಡ್ಡು ಕೊಡುವ ಉದ್ರಿಯ ರೂಢಿಯಿತ್ತು. ಗೋಡೆಯ ಚೌಕಟ್ಟಿನಲ್ಲಿ ಈ ಉದ್ರಿಯ ಸಂಗತಿ ಇರಲಿಲ್ಲ. ಇದ್ದಿದ್ದರೆ ನಮ್ಮ ಊರಿಗೆ ಅದು ಹೆಚ್ಚು ಪರಿಚಿತವೆನಿಸುತ್ತಿತ್ತು.

ಅವರು ಆರಿಸಿದ್ದು ತಟ್ಟೆಯ ಪಿಜ್ಜಾ. ಹಳೆಯದೊಂದು ಕರೆಂಟಿನ ಡೆಕ್ ಒಲೆಯನ್ನು ಕಂತಿನ ಮೇಲೆ ತಂದರು. ಮೊದಲ ತಿಂಗಳು ಡೆಟ್ರಾಯ್ಟಿನ ಕ್ರಮದಲ್ಲೇ ಅಂಚಿನವರೆಗೂ ಚೀಸ್ ಹರಡಿ ನೋಡಿದರು. ಅಲ್ಲಿ ಹಾಕುವ ಬ್ರಿಕ್ ಚೀಸ್ ಇಲ್ಲಿ ಸಿಗುವುದಿಲ್ಲ. ಮೊಝರೆಲ್ಲಾವನ್ನೇ ಆ ಪ್ರಮಾಣದಲ್ಲಿ ಹಾಕಿದರೆ ತಟ್ಟೆಯ ಖರ್ಚು ಹಳೆಯ ಪಿಜ್ಜಾವನ್ನೂ ಮೀರಿಸಿತು. ಹೆಂಡತಿ ಚೀಸನ್ನು ಅರ್ಧಕ್ಕಿಳಿಸಿ, ಅದರ ಅಡಿಯಲ್ಲಿ ಸಾಸಿನ ಜೊತೆ ಕೆಂಪು ಮೆಣಸಿನಕಾಯಿಯ ರಂಜಕವನ್ನು ತೆಳ್ಳಗೆ ಸವರಿ, ಒಲೆಯಿಂದ ತೆಗೆದ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿದರು. ಬಿಸಿ ಚೀಸಿನ ಎಣ್ಣೆಯನ್ನು ಪುಡಿ ಹೀರಿಕೊಂಡು ಮೇಲ್ಭಾಗ ತುಸು ತರಿತರಿಯಾಗುತ್ತದೆ. ನನಗೆ ಅದು ಹಳೆಯ ಪಿಜ್ಜಾಕ್ಕಿಂತ ಇಷ್ಟ. ಗಂಡನಿಗೆ ಇಂದಿಗೂ ಇಷ್ಟವಿಲ್ಲ, ಅದನ್ನು ಪಿಜ್ಜಾ ಎನ್ನಲು ಅವರಿಗೆ ನಾಲಿಗೆ ಹೊರಳುವುದಿಲ್ಲ.

ಬೆಲೆ ಕಟ್ಟುವಾಗ ಅವರು ನನ್ನ ಹಾಳೆಯನ್ನು ನೋಡಲಿಲ್ಲ. ಎದುರಿನ ಗಾಡಿಯಲ್ಲಿ ಮಂಡಕ್ಕಿ ವಗ್ಗರಣೆ ಮತ್ತು ಎರಡು ಮಿರ್ಚಿಯ ತಟ್ಟೆ 40 ರೂಪಾಯಿ. ಅದಕ್ಕೆ ಐದು ಸೇರಿಸಿ, ತೆರಿಗೆಯೂ ಒಳಗೇ ಸೇರಿದಂತೆ, ತುಂಡಿಗೆ 45 ಎಂದು ಬರೆದರು. ನ್ಯೂಯಾರ್ಕಿಗೆ ಮೆಟ್ರೊ ಟಿಕೆಟ್ ಹೇಗೋ ಬಳ್ಳಾರಿಗೆ ವಗ್ಗರಣೆ ಮಿರ್ಚಿ ಹಾಗೆ. ಈ ಊರಿನಲ್ಲಿ ಸಂಜೆಯ ತಿಂಡಿಗೆ ಎಷ್ಟು ಕೊಡಬಹುದೆಂಬುದನ್ನು ಆ ತಟ್ಟೆಯೇ ತೀರ್ಮಾನಿಸುತ್ತದೆ.

ಪರಿಣಾಮ ಬಹುಬೇಗ ಕಂಡಿತು. ಜೀನ್ಸ್ ಹೊಲಿಯುವ ಘಟಕದಲ್ಲಿ ದುಡಿಯುವ ಒಬ್ಬರು ಮೊದಲು ಮಗಳ ಹುಟ್ಟುಹಬ್ಬಕ್ಕೆ ಮಾತ್ರ, ವರ್ಷಕ್ಕೊಮ್ಮೆ, ನಾಲ್ಕು ಜನಕ್ಕೆ ಎರಡು ಪಿಜ್ಜಾ ಕೊಂಡು 504 ರೂಪಾಯಿ ಕೊಡುತ್ತಿದ್ದರು. ಈಗ ಪಗಾರ ಬಂದ ವಾರ ಬರುತ್ತಾರೆ. ನಾಲ್ಕು ತುಂಡು, 180 ರೂಪಾಯಿ. ಹೆಂಡತಿ ಮಕ್ಕಳು ತಿಂದು ಮುಗಿಸುವವರೆಗೆ ತಮ್ಮ ತುಂಡನ್ನು ಮುಟ್ಟದೆ ಇಟ್ಟುಕೊಂಡು, ಚಿಕ್ಕವನು ಇನ್ನೂ ಬೇಕೆಂದರೆ ಅದರಲ್ಲಿ ಅರ್ಧ ಮುರಿದು ಕೊಡುತ್ತಾರೆ. ಇಡೀ ಪಿಜ್ಜಾದ ಕಾಲದಲ್ಲಿ ಇಂಥ ಹೊಂದಾಣಿಕೆಗೆ ಅವಕಾಶವೇ ಇರಲಿಲ್ಲ. ಹೊರಗೆ ತಿನ್ನುವುದನ್ನು ಜನ ಬಿಟ್ಟಿದ್ದಾರೆಂದು ನಾವು ಡಿಸೆಂಬರಿನಲ್ಲಿ ತಿಳಿದದ್ದು ತಪ್ಪಾಗಿತ್ತು. ಅವರು ಬಿಟ್ಟದ್ದು 250 ರೂಪಾಯಿಯನ್ನು ಒಂದೇ ಸಲಕ್ಕೆ ಮೇಜಿನ ಮೇಲಿಡುವುದನ್ನು.

ತುಂಡಿನ ಲೆಕ್ಕ

2025ರ ಅಕ್ಟೋಬರಿನ ಹೊತ್ತಿಗೆ ಒಂದು ತಟ್ಟೆಯ ಸಾಮಗ್ರಿ 139 ರೂಪಾಯಿ. ಕಣಕಕ್ಕೆ 22, ಸಾಸಿಗೆ 20, ಚೀಸ್ 160 ಗ್ರಾಮಿಗೆ 81, ರಂಜಕ, ಈರುಳ್ಳಿ, ಶೇಂಗಾ, ಎಣ್ಣೆ ಸೇರಿ 16. ತಟ್ಟೆಗೆ ಎಂಟು ತುಂಡು, ತುಂಡಿಗೆ 17 ರೂಪಾಯಿ 40 ಪೈಸೆ. 45ರಲ್ಲಿ ತೆರಿಗೆ ಕಳೆದರೆ 42 ರೂಪಾಯಿ 86 ಪೈಸೆ, ಉಳಿಯುವುದು ಇಪ್ಪತ್ತೈದೂವರೆ. ಮಾಸ್ಟರಿಲ್ಲದ ಅಂಗಡಿಯಲ್ಲಿ ಹಳೆಯ ಸಹಾಯಕನ ಸಂಬಳವನ್ನು 16,000ಕ್ಕೆ ಏರಿಸಿ, 10,000ಕ್ಕೆ ಇನ್ನೊಬ್ಬನನ್ನು ಇಟ್ಟುಕೊಂಡಿದ್ದಾರೆ. ದಿನಕ್ಕೆ ಕೂಲಿ 1,000, ಬಾಡಿಗೆ 998, ಕರೆಂಟು ಮತ್ತು ಕಂತು 700. ಒಟ್ಟು 2,698. ಹತ್ತೊಂಬತ್ತು ಪಿಜ್ಜಾದ ಜಾಗದಲ್ಲಿ ಈಗ 106 ತುಂಡು ನಿಂತಿವೆ.

ವಾರದ ದಿನಗಳಲ್ಲಿ ಸರಾಸರಿ 120 ತುಂಡು ಹೋಗುತ್ತಿವೆ. ಅಂದರೆ ದಿನಕ್ಕೆ 357 ರೂಪಾಯಿ ಉಳಿತಾಯ. ಹಿಂದಿನ ನಷ್ಟಕ್ಕೆ ಹೋಲಿಸಿದರೆ ಇದು ಸುಧಾರಣೆ, ಆದರೆ ಬೆಳಿಗ್ಗೆ ಹತ್ತರಿಂದ ರಾತ್ರಿ ಹನ್ನೊಂದರವರೆಗೆ ನಿಂತು ದುಡಿಯುವ ಇಬ್ಬರ ಕೂಲಿ ಈ ಲೆಕ್ಕದ ಒಳಗಿಲ್ಲ. ಒಲೆ ಕಟ್ಟಿದ ಗೌಂಡಿಯ ದಿನಗೂಲಿ ಇದಕ್ಕಿಂತ ಹೆಚ್ಚು. ಅವರ ಬದುಕು ನಡೆಯುತ್ತಿರುವುದು ಶನಿವಾರ ಭಾನುವಾರದಿಂದ. ಆ ಎರಡು ಸಂಜೆ ಗಂಡನೇ ಇಟ್ಟಿಗೆ ಒಲೆಗೆ ಜಾಲಿ ಕಟ್ಟಿಗೆ ಹಾಕಿ, 240ರ ಹಳೆಯ ಪಿಜ್ಜಾವನ್ನು ತೊಂಬತ್ತು ಸೆಕೆಂಡಿಗೊಂದರಂತೆ ತೆಗೆಯುತ್ತಾರೆ. ಆಗ ಬಾಗಿಲಲ್ಲಿ ನಿಜವಾಗಿ ಸಾಲಿರುತ್ತದೆ.

2025ರ ಸೆಪ್ಟೆಂಬರ್ 22ರಿಂದ ಚೀಸಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಅದೇ ವಾರ ನಾನು ಅಂಗಡಿಯಲ್ಲಿ ಕುಳಿತಿದ್ದಾಗ ಒಬ್ಬ ಹುಡುಗ ಗಲ್ಲಾದ ಬಳಿ ಕೇಳಿದ: "ಅಣ್ಣ, ಜಿಎಸ್‌ಟಿ ಇಳಿಸ್ಯಾರಂತಲ್ಲ, ನಿಮ್ದಿನ್ನೂ ನಲವತ್ತೈದ ಐತಲ್ಲ?" ಗಂಡ ನನ್ನ ಕಡೆ ನೋಡಿದರು. ಕಿಲೋಗೆ 33 ರೂಪಾಯಿ 60 ಪೈಸೆ ಇಳಿದಿದೆ. ತುಂಡಿಗೆ ಬೀಳುವ ಚೀಸ್ 20 ಗ್ರಾಂ. ಆದುದರಿಂದ ತುಂಡಿನಲ್ಲಿ ಇಳಿದದ್ದು 67 ಪೈಸೆ. ಹೋಟೆಲ್ ಊಟದ ಮೇಲಿನ ಶೇ 5 ಹಾಗೆಯೇ ಇದೆ. ಪಿಜ್ಜಾ ಬ್ರೆಡ್ಡಿನ ಮೇಲಿನ ತೆರಿಗೆ ಪೂರ್ತಿ ಹೋಯಿತು, ಆದರೆ ಅದು ಸಿದ್ಧ ಬೇಸ್ ಕೊಳ್ಳುವವರಿಗೆ ಅನುಕೂಲ. ಕಣಕ ತಾವೇ ಕಲಸುವವರಿಗೆ ಅದರಿಂದ ಏನೂ ಇಲ್ಲ. ಇಷ್ಟನ್ನೂ ಗಲ್ಲಾದ ಬಳಿ ನಿಂತು ಹೇಳಲಾಗುವುದಿಲ್ಲ. "ಚೀಸ್ ಚೂರು ಜಾಸ್ತಿ ಹಾಕ್ತೀನಿ ತಗೋ ತಮ್ಮಾ" ಎಂದು ಅವರು ಮಾತು ಮುಗಿಸಿದರು.

ಬಾಕಿ ಉಳಿದಿರುವ ತೀರ್ಮಾನ

ಸಣ್ಣ ವ್ಯಾಪಾರಿಗಳಿಗೆಂದು ಜಿಎಸ್‌ಟಿಯಲ್ಲಿರುವ ಸರಳ ಕಾಂಪೊಸಿಷನ್ ಪದ್ಧತಿಗೆ ಹೋದರೆ ಹೋಟೆಲು ವಹಿವಾಟಿನ ಶೇ 5ನ್ನು ತನ್ನ ಕೈಯಿಂದ ಕಟ್ಟಬೇಕು, ಗಿರಾಕಿಯಿಂದ ಬೇರೆಯಾಗಿ ಪಡೆಯುವಂತಿಲ್ಲ. ತುಂಡಿನ ಬೆಲೆಯಲ್ಲಿ ತೆರಿಗೆ ಈಗಾಗಲೇ ಒಳಗಿರುವುದರಿಂದ ಇವರಿಗೆ ವ್ಯತ್ಯಾಸ ತುಂಡಿಗೆ 11 ಪೈಸೆ ಮಾತ್ರ. ವಾರಾಂತ್ಯದ ಪಿಜ್ಜಾಕ್ಕೆ 252 ಎಂದು ತೆರಿಗೆ ಸೇರಿಸಿಯೇ ಬೆಲೆ ಬರೆಯಬೇಕಾಗುತ್ತದೆ, ಅಷ್ಟೇ. ಬದಲಿಗೆ, 2025ರ ಜನವರಿಯಿಂದ ಕಾಂಪೊಸಿಷನ್ನಿನವರಿಗೆ ಬಾಡಿಗೆಯ ಮೇಲಿನ ರಿವರ್ಸ್ ಚಾರ್ಜ್ ಇಲ್ಲ. ತಿಂಗಳಿಗೆ 3,960 ಉಳಿಯುತ್ತದೆ. ಆದರೆ ಆ ಪದ್ಧತಿಯಲ್ಲಿ ಆ್ಯಪಿನ ಮೂಲಕ ಊಟ ಮಾರುವಂತಿಲ್ಲ. ಆ್ಯಪಿನಿಂದ ಈಗ ಬರುವುದು ತಿಂಗಳಿಗೆ ನಲವತ್ತರಷ್ಟು ಆರ್ಡರು. ಒಂದಕ್ಕೆ 131ರಂತೆ ಮೂವತ್ತು ಆರ್ಡರು ಆ 3,960ಕ್ಕೆ ಸಮ. ಆ್ಯಪಿನ ಕಡೆಗಿರುವುದು ಹತ್ತೇ ಆರ್ಡರಿನ ಅಂತರ.

ಈ ಅಂತರವೂ ಉಳಿಯುವಂತೆ ಕಾಣುವುದಿಲ್ಲ. ಮೂರು ವರ್ಷ ತುಂಬಿದ್ದರಿಂದ ಬಾಡಿಗೆಯನ್ನು ಶೇ 10 ಏರಿಸಬೇಕೆಂದು ಮಾಲೀಕರು ಹೇಳಿಕಳಿಸಿದ್ದಾರೆ. ಹಾಗಾದರೆ ಬಾಡಿಗೆ 24,200, ಅದರ ಮೇಲಿನ ತೆರಿಗೆ 4,356, ದಿನಕ್ಕೆ ಸುಮಾರು 100 ರೂಪಾಯಿ ಹೆಚ್ಚು. 106 ತುಂಡು 110 ಆಗುತ್ತದೆ, ಸಮಕ್ಕೆ ಬೇಕಾದ ಆ್ಯಪ್ ಆರ್ಡರು ಮೂವತ್ತಮೂರು. ಆ್ಯಪನ್ನು ಬಿಟ್ಟರೆ ಆ ನಲವತ್ತರಲ್ಲಿ ಏಳೆಂಟು ಜನ ಅಂಗಡಿಗೇ ಬಂದರೂ ಸಾಕು, ಬಿಡುವುದೇ ಲಾಭ ಎಂಬುದು ನನ್ನ ಅಭಿಪ್ರಾಯ. ಹೆಂಡತಿ ಒಪ್ಪಿದ್ದಾರೆ. ಮಳೆಗಾಲದಲ್ಲಿ ರಸ್ತೆಗೆ ನೀರು ನಿಂತ ಸಂಜೆಗಳಲ್ಲಿ ಆ್ಯಪಿನ ಆರ್ಡರು ಬರುವ ಫೋನೊಂದೇ ಸದ್ದು ಮಾಡುತ್ತದೆಯೆಂದು ಗಂಡ ಇನ್ನೂ ಅನುಮಾನಿಸುತ್ತಿದ್ದಾರೆ. ಹೊಸ ಆರ್ಥಿಕ ವರ್ಷಕ್ಕೆ ಅನ್ವಯವಾಗಬೇಕಾದರೆ ಮಾರ್ಚ್ 31ರೊಳಗೆ ಅರ್ಜಿ ಹಾಕಬೇಕು. ನಮೂನೆಯನ್ನು ತುಂಬಿ ಇಟ್ಟಿದ್ದೇನೆ, ಸಲ್ಲಿಸಲು ಅವರ ಮಾತಿಗೆ ಕಾಯುತ್ತಿದ್ದೇನೆ.